ನಾಕಾದಲ್ಲಿ ಬೈಕ್ ನಿಲ್ಲುವುದಿಲ್ಲ

ಲಾಕ್‌ಡೌನ್ ಮುಗಿದು ಮೂರನೇ ವರ್ಷ ನಡೆಯುತ್ತಿತ್ತು. ಪುಣೆಯಲ್ಲಿ ಮಗರಪಟ್ಟಾದ ಹತ್ತಿರ ಒಂದು ಸಣ್ಣ ವಿಡಿಯೋ ಗೇಮ್ ಕಂಪನಿಯಲ್ಲಿ ನಾನು ಟೆಸ್ಟರ್ ಆಗಿದ್ದೆ. ಕಂಪನಿಯ ಹೆಸರು ಇಲ್ಲಿ ಬೇಡ. ನನ್ನದು ಕಾಂಟ್ರ್ಯಾಕ್ಟ್ ನೌಕರಿ. ಹತ್ತನೇ ಇಯತ್ತೆಯಲ್ಲಿ ಫೇಲಾಗಿ ಶಾಲೆ ಬಿಟ್ಟವನಿಗೆ ಅದಕ್ಕಿಂತ ಪಕ್ಕಾ ನೌಕರಿ ಯಾರೂ ಕೊಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಇದೇ ಮಾತನ್ನು ಇನ್ನೊಬ್ಬರು ನನ್ನ ಮುಖಕ್ಕೆ ಎಸೆಯುತ್ತಾರೆ.

ಟೆಸ್ಟರ್ ಅಂದರೆ ದಿನವಿಡೀ ಆಟ ಆಡಿಕೊಂಡು ಸಂಬಳ ತೆಗೆದುಕೊಳ್ಳುವವ ಎಂದು ಜನ ತಿಳಿದಿದ್ದಾರೆ. ಅಲ್ಲ. ಒಂದೇ ಗೋಡೆಗೆ ಒಂದೇ ಬೈಕನ್ನು ಮತ್ತೆ ಮತ್ತೆ ಗುದ್ದಿ, ಯಾವ ಸಲ ಬೈಕು ಗೋಡೆಯೊಳಗೆ ತೂರಿಕೊಂಡು ಹೋಗುತ್ತದೆ ಎಂದು ನೋಡುವವ. ಆ ದಿನ ಕಟ್ಟಿ ಮುಗಿಸಿದ ಆಟದ ಪ್ರತಿಗೆ ಬಿಲ್ಡ್ ಅನ್ನುತ್ತಾರೆ. ಬಿಲ್ಡ್‌ಗೆ ಪಾಸ್ ಅಥವಾ ಫೇಲ್ ಎಂದು ಹಾಕುವುದು ನನ್ನ ಕೆಲಸ. ಪಕ್ಕದಲ್ಲಿ ನನ್ನ ಹೆಸರು ಬೀಳುತ್ತದೆ.

ಇದಕ್ಕೂ ಮೊದಲು ಹಡಪ್ಸರ್‌ನ ಒಂದು ಗೇಮಿಂಗ್ ಕೆಫೆಯಲ್ಲಿದ್ದೆ. ಹುಡುಗರು ಅರ್ಧ ತಾಸಿನ ಲೆಕ್ಕದಲ್ಲಿ ಬಂದು ಕೂರುತ್ತಿದ್ದರು. ಆಟದಲ್ಲಿ ಒಂದು ಊರಿಂದ ಇನ್ನೊಂದು ಊರಿಗೆ ಹೋಗುವಾಗ ಪರದೆ ಕಪ್ಪಾಗಿ ನಡುವೆ ಒಂದು ಚಕ್ರ ತಿರುಗುತ್ತಿತ್ತು. ಅದೇ ಲೋಡಿಂಗ್ ಸ್ಕ್ರೀನ್. ಹುಡುಗರ ಅರ್ಧ ತಾಸನ್ನು ಆ ಚಕ್ರವೇ ತಿನ್ನುತ್ತಿತ್ತು, ಬೈಗುಳ ನಾನು ತಿನ್ನುತ್ತಿದ್ದೆ. ಕೆಫೆ ಮುಚ್ಚಿತು. ಅಲ್ಲಿನ ಒಂದು ಹಳೇ ಕಂಪ್ಯೂಟರನ್ನು ಮಾಲೀಕರು ನನಗೇ ಬಿಟ್ಟರು. ಅದನ್ನೇ ತಂದು ಆಫೀಸಿನ ನನ್ನ ಟೇಬಲ್ ಮೇಲಿಟ್ಟೆ. ಉಳಿದವರ ಹತ್ತಿರ ಹೊಸ ಮಷೀನು, ಅದರಲ್ಲಿ ಎಲ್ಲ ಆಟವೂ ಬೆಣ್ಣೆಯ ಹಾಗೆ ಓಡುತ್ತಿತ್ತು. ಆಟ ಕೊಳ್ಳುವವನ ಮನೆಯಲ್ಲಿ ಇರುವುದು ನನ್ನ ಟೇಬಲ್ ಮೇಲಿನಂಥದ್ದು. ಆಟ ಅಂಥದ್ದರಲ್ಲಿ ಓಡಬೇಕು ಎನ್ನುವುದು ಬಂಡವಾಳ ಹಾಕಿದವರ ಜೊತೆಗಿನ ಕರಾರಿನಲ್ಲೇ ಇತ್ತು.

ನಮ್ಮ ಆಟ ಓಪನ್ ವರ್ಲ್ಡ್ ಜಾತಿಯದು. ಅಂದರೆ ಲೆವೆಲ್ ಒಂದು, ಲೆವೆಲ್ ಎರಡು ಅಂತ ಇಲ್ಲ. ಇಡೀ ಸೀಮೆ ಒಂದೇ. ಕೊಂಕಣದ ಕಡಲಿಂದ ಬೈಕ್ ಹತ್ತಿದರೆ ಘಾಟು ಏರಿ, ಮೇಲಿನ ಹಳೇ ಪೇಟೆ ಊರಿಗೆ ಬರಬಹುದು. ಮನಸ್ಸು ಬಂದಲ್ಲಿ ಇಳಿಯಬಹುದು, ಮನಸ್ಸು ಬಂದ ಕಡೆ ತಿರುಗಬಹುದು. ಹೇಳುವುದು ಹೀಗೆ. ಆದರೆ ಘಾಟಿನ ತುದಿಯಲ್ಲಿ ಪರದೆ ಕಪ್ಪಾಗುತ್ತಿತ್ತು. ಒಂದು ಕೋಟೆಯ ಚಿತ್ರ, ಅದರ ಕೆಳಗೆ ಬ್ರೇಕ್ ಹೇಗೆ ಒತ್ತಬೇಕು ಎನ್ನುವ ಉಪದೇಶ, ಚಕ್ರ. ನನ್ನ ಮಷೀನಿನಲ್ಲಿ ಆ ಚಕ್ರ ಬಿಟ್ಟು ಎದ್ದು ಹೋಗಿ ಚಹಾ ಹಿಡಿದುಕೊಂಡು ಬರಬಹುದಾಗಿತ್ತು.

ಯಾಕೆ ಹೀಗೆ ಅಂದರೆ, ಕಂಪ್ಯೂಟರಿನಲ್ಲಿ ಎರಡು ಜಾಗ ಇವೆ. ಹಾರ್ಡ್ ಡಿಸ್ಕ್ ಅಂದರೆ ಅಟ್ಟ. ರ‍್ಯಾಮ್ ಅಂದರೆ ಒಲೆಕಟ್ಟೆ. ಅಟ್ಟ ದೊಡ್ಡದು, ಆದರೆ ಅಲ್ಲಿಂದ ಇಳಿಸಲು ಹೊತ್ತು ಹಿಡಿಯುತ್ತದೆ. ಕಟ್ಟೆ ಸಣ್ಣದು, ಕೈಗೆ ಹತ್ತಿರ. ಬೈಕು ಓಡುತ್ತಿದ್ದ ಹಾಗೆ ಮುಂದಿನ ರಸ್ತೆ, ಮನೆ, ಗಿಡ ಎಲ್ಲವನ್ನೂ ಅಟ್ಟದಿಂದ ಕಟ್ಟೆಗೆ ಇಳಿಸುತ್ತಿರಬೇಕು, ಹಿಂದಿನದನ್ನು ಎತ್ತಿಡುತ್ತಿರಬೇಕು. ಇಳಿಸುವುದಕ್ಕಿಂತ ಬೈಕು ಜೋರಾದರೆ ಮುಂದೆ ಊರೇ ಇರುವುದಿಲ್ಲ. ಆಗ ಆಟಗಾರನನ್ನು ನಿಲ್ಲಿಸಿ ಚಕ್ರ ತೋರಿಸುತ್ತಾರೆ. ಇಷ್ಟೇ ವಿದ್ಯೆ.

ಆಟಕ್ಕೆ ಬಂಡವಾಳ ಹಾಕಿದ ಪಬ್ಲಿಷರ್ ಮುಂಬಯಿಯಲ್ಲಿದ್ದರು. ಅವರು ಒಂದು ದಿನ ಸೀದಾ ಹೇಳಿ ಕಳಿಸಿದರು: ಘಾಟಿನ ಮೇಲಿನ ಲೋಡಿಂಗ್ ಸ್ಕ್ರೀನ್ ತೆಗೆಯಿರಿ, ಇಲ್ಲದಿದ್ದರೆ ಪೇಟೆ ಊರನ್ನೇ ತೆಗೆಯಿರಿ. ಘಾಟು ಹತ್ತಿದವನು ಬೈಪಾಸ್‌ನಲ್ಲಿ ಸುಮ್ಮನೆ ಮುಂದೆ ಹೋಗಲಿ. ತಿಂಗಳ ಕೊನೆಗೆ ನಾವೇ ಬಂದು ಆಡಿ ನೋಡುತ್ತೇವೆ.

ಪೇಟೆ ಊರನ್ನು ಕಟ್ಟಿದವನು ಗಿರೀಶಣ್ಣ. ಅವನ ಅಜ್ಜ ಬಾಗಲಕೋಟೆ ಕಡೆಯಿಂದ ಪುಣೆಯ ಬಟ್ಟೆ ಅಂಗಡಿಯೊಂದಕ್ಕೆ ಗುಮಾಸ್ತರಾಗಿ ಬಂದವರು. ಹಳೇ ಪೇಟೆಯ ಒಂದು ವಾಡೆಯಲ್ಲಿ ಮೇಲಿನ ಎರಡು ಖೋಲಿ ಬಾಡಿಗೆ ಹಿಡಿದು ಮೂರು ತಲೆಮಾರು ಅಲ್ಲೇ ಇದ್ದರು. ವಾಡೆ ಅಂದರೆ ನಡುವೆ ಚೌಕ, ಸುತ್ತ ಬಿಡಾರಗಳು, ಎದುರಿಗೆ ಒಂದೇ ದೊಡ್ಡ ಬಾಗಿಲು. ಬಿಲ್ಡರ್ ಬಂದ, ವಾಡೆ ಬಿತ್ತು, ಈಗ ಅಲ್ಲಿ ಲಿಫ್ಟ್ ಇರುವ ಕಟ್ಟಡ ಇದೆ. ಗಿರೀಶಣ್ಣ ಆ ವಾಡೆಯನ್ನು ಆಟದೊಳಗೆ ಎಬ್ಬಿಸಿ ನಿಲ್ಲಿಸಿದ್ದ. ಅಜ್ಜಿ ನೀರು ಕಾಯಿಸುತ್ತಿದ್ದ ತಾಮ್ರದ ಬಂಬ, ಹತ್ತುವಾಗ ಕರಕರ ಎನ್ನುವ ಕಟ್ಟಿಗೆಯ ಜಿನೆ, ಕೆಳಗಿನ ಮನೆಯವರ ಜೋಕಾಲಿ, ಒಂದೂ ಬಿಟ್ಟಿರಲಿಲ್ಲ. ಆಟದ ಕಥೆಗೆ ಅವು ಯಾವುವೂ ಬೇಕಾಗಿರಲಿಲ್ಲ. ಊರು ಹೋದರೆ ಅವನ ವಾಡೆಯೂ ಹೋಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಅವನಂತೂ ಊಟದ ಡಬ್ಬಿ ಬಿಚ್ಚಿ ಸುಮ್ಮನೆ ನೋಡುತ್ತ ಕೂರುವುದು ಶುರುಮಾಡಿದ.

ನಮ್ಮ ಮುಖ್ಯಸ್ಥರು ಆಪ್ಟೆ ಸರ್. ಪಕ್ಕಾ ಪುಣೇಕರ್, ಜಾಣರು, ತಮ್ಮ ಜಾಣತನ ತಮಗೇ ಗೊತ್ತಿರುವವರು. ಅವರು ಒಂದು ಉಪಾಯ ತಂದರು. ಘಾಟಿನ ಬುಡದಲ್ಲಿ ಟೋಲ್ ನಾಕಾ ಹಾಕೋಣ. ಅಡ್ಡ ಕೋಲು ಇರಲಿ. ಒಬ್ಬ ಮೀಸೆಯ ನಾಕಾದವನು ಎಲೆಅಡಿಕೆ ಜಗಿಯುತ್ತ ನಿಧಾನ ಬರಲಿ, ಚೀಟಿ ಹರಿಯಲಿ, ಕೋಲು ಎತ್ತಲಿ. ಆಟಗಾರ ಅವನನ್ನು ನೋಡಿ ನಗುತ್ತಿರುವಾಗ ನಾವು ಹಿಂದಿನಿಂದ ಊರನ್ನು ಇಳಿಸಿಬಿಡೋಣ. ಲೋಡಿಂಗ್ ಇರುತ್ತದೆ, ಸ್ಕ್ರೀನ್ ಇರುವುದಿಲ್ಲ.

ಎಲ್ಲರೂ ಟೇಬಲ್ ಬಡಿದರು. ನಾಕಾದವನ ಮುಖ ಮಾಡಲು ಪೈಪೋಟಿ ಬಿತ್ತು. ಪ್ರೋಗ್ರಾಮಿಂಗ್ ನೋಡುವವಳು ಶಿಲ್ಪಕ್ಕ, ಧಾರವಾಡದವಳು. ಅವಳು ಕೋಲು ಎತ್ತುವ ಹೊತ್ತನ್ನು ಊರು ಇಳಿಯುವ ಹೊತ್ತಿಗೆ ಸರಿಹೊಂದಿಸಿದಳು. ಬಿಲ್ಡ್ ನನ್ನ ಟೇಬಲ್‌ಗೆ ಬಂತು.

ಬೈಕ್ ಹತ್ತಿದೆ. ಕಡಲ ದಾರಿ ದಾಟಿ ನಾಕಾಕ್ಕೆ ಬಂದೆ. ಕೋಲಿನ ಎಡಕ್ಕೆ ಸಣ್ಣ ಸಂದು ಇತ್ತು. ಸುಮ್ಮನೆ ಅದರಲ್ಲಿ ಹೋದೆ. ನಾಕಾದವನು ಇನ್ನೂ ಎಲೆ ಜಗಿಯುತ್ತಿದ್ದ. ಘಾಟು ಏರಿ ತುದಿಗೆ ಬಂದರೆ ಊರಿಲ್ಲ. ಬೂದಿ ಬಣ್ಣದ ಬಯಲಿನಲ್ಲಿ ನನ್ನ ಬೈಕು ಕೆಳಗೆ ಕೆಳಗೆ ಬೀಳುತ್ತಲೇ ಇತ್ತು. ಫೇಲ್ ಹಾಕಿದೆ.

ಆಪ್ಟೆ ಸರ್ ಬಂದು, ನೀನು ಬೇಕೆಂದೇ ಮುರಿಯಲು ನೋಡುತ್ತೀಯ, ಮಾಮೂಲಿ ಆಟಗಾರ ಹೀಗೆ ಮಾಡುವುದಿಲ್ಲ ಅಂದರು. ಹಾಗಾದರೆ ಮಾಮೂಲಿ ಜನರನ್ನೇ ಕರೆಯೋಣ ಅಂದೆ. ಅಕೌಂಟ್ಸ್ ನೋಡುವ ಹೆಂಗಸೊಬ್ಬರನ್ನು ಕೂರಿಸಿದೆವು. ಎಡಗಡೆಯಿಂದ ಹೋದರು. ವಾಚ್‌ಮನ್ ಎಡಗಡೆಯಿಂದ ಹೋದ. ಪಾರ್ಸೆಲ್ ತಂದ ಹುಡುಗ ಎಡಗಡೆಯಿಂದ ಹೋಗಿದ್ದಲ್ಲದೆ, ಯಾಕೆ ಎಲ್ಲರೂ ನನ್ನನ್ನೇ ನೋಡುತ್ತಿದ್ದೀರಿ ಎಂದು ಕೇಳಿದ. ಯಾರಿಗೂ ತಾವು ಏನೋ ತಪ್ಪಿಸಿಕೊಂಡು ಹೋದೆವು ಎಂದು ಅನಿಸಲೇ ಇಲ್ಲ. ಟೋಲ್ ಇರುವುದು ಕಾರಿಗೆ. ಎರಡು ಗಾಲಿಯವನು ಎಡಗಡೆಯ ಸಂದಿನಲ್ಲಿ ಹೋಗುತ್ತಾನೆ. ಅದು ಅವನಿಗೆ ಉಸಿರಾಟದ ಹಾಗೆ.

ಆಪ್ಟೆ ಸರ್ ಆ ಹುಡುಗನ ಕೈಯಿಂದ ಕಂಟ್ರೋಲರ್ ಕಸಿದುಕೊಂಡು, ಹೀಗೆ ಹೋಗಬೇಕು ಎಂದು ತೋರಿಸಲು ಕೂತರು. ಅವರೂ ದಿನಾ ಆಫೀಸಿಗೆ ಬರುವುದು ಸ್ಕೂಟರ್ ಮೇಲೆಯೇ. ಘಾಟಿನ ಬಗ್ಗೆ ಏನೋ ವಿವರಿಸುತ್ತ ಇದ್ದರು, ಕೈ ತಾನಾಗೇ ಎಡಕ್ಕೆ ತಿರುಗಿತು. ಬೈಕು ಸಂದಿನಲ್ಲಿ ಸುರಕ್ಷಿತವಾಗಿ ಪಾರಾಯಿತು.

ಯಾರೂ ನಗಲಿಲ್ಲ. ನಗುವುದು ಬಿಡಿ, ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅವರು ಎದ್ದು, ಸಂದು ಮುಚ್ಚಿ, ಕಾಂಕ್ರೀಟ್ ಹಾಕಿ ಅಂದರು.

ಮರುದಿನ ನಾಕಾದ ಎರಡೂ ಕಡೆ ಗೋಡೆ ಎದ್ದಿತ್ತು. ಈಗ ತಪ್ಪಿಸಿಕೊಳ್ಳಲು ದಾರಿ ಇಲ್ಲ. ಬೈಕು ಕೋಲಿನ ಮುಂದೆ ನಿಂತಿತು. ನಾಕಾದವನು ಬಂದ, ಜಗಿದ, ಚೀಟಿ ಹರಿದ. ನನ್ನ ಹಳೇ ಮಷೀನಿನಲ್ಲಿ ಅವನು ಬಹಳ ಹೊತ್ತು ಜಗಿದ. ಮೊದಲ ಸಲ ನಗು ಬಂತು. ಎರಡನೇ ಸಲ ಬರಲಿಲ್ಲ. ಆಮೇಲೆ ಅವನ ಕಪಾಳಕ್ಕೆ ಬಾರಿಸಬೇಕು ಅನಿಸಿತು. ಘಾಟು ಏರಿದೆ, ಊರು ಇತ್ತು, ಎಲ್ಲೂ ಬೀಳಲಿಲ್ಲ. ತಾಂತ್ರಿಕವಾಗಿ ಒಂದೂ ದೋಷ ಇಲ್ಲ.

ಫೇಲ್ ಹಾಕಿದೆ.

ಆಪ್ಟೆ ಸರ್ ಸೀದಾ ನನ್ನ ಟೇಬಲ್‌ಗೆ ಬಂದರು. ಯಾಕೆ ಎಂದು ಕೇಳಿದರು. ಲೋಡಿಂಗ್ ಸ್ಕ್ರೀನ್ ಇನ್ನೂ ಇದೆ ಅಂದೆ. ಎಲ್ಲಿದೆ, ತೋರಿಸು ಅಂದರು. ಮೊದಲು ಅದಕ್ಕೆ ಚಕ್ರ ಇತ್ತು, ಈಗ ಮೀಸೆ ಇದೆ, ಅಷ್ಟೇ ಅಂದೆ. ನಾನು ಕೆಫೆಯಲ್ಲಿ ನೋಡಿದ ಹುಡುಗರಿಗೆ ಹೆಸರು ಮುಖ್ಯವಲ್ಲ. ತಾವು ಹೋಗುವ ಕಡೆ ಯಾರೋ ಸುಮ್ಮನೆ ತಡೆದು ನಿಲ್ಲಿಸಿದ್ದಾರೆ ಎನ್ನುವುದು ಅವರಿಗೆ ಕೂಡಲೇ ತಿಳಿಯುತ್ತದೆ.

ಅವರು ಸುತ್ತ ಇದ್ದವರ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ದಹಾವೀ ನಾಪಾಸ್ ಮಾಣೂಸ್ ಮಾಝಂ ಬಿಲ್ಡ್ ನಾಪಾಸ್ ಕರತೋಯ್."

ಅಂದರೆ, ಹತ್ತನೇ ಫೇಲಾದವನು ನನ್ನ ಬಿಲ್ಡನ್ನು ಫೇಲ್ ಮಾಡುತ್ತಿದ್ದಾನೆ. ಒಬ್ಬಿಬ್ಬರು ನಕ್ಕರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಪಾಸ್ ಬೇಕಾದರೆ ನೀವೇ ಹಾಕಿರಿ, ಹೆಸರಿನ ಜಾಗದಲ್ಲಿ ನಿಮ್ಮ ಹೆಸರೇ ಹಾಕಿರಿ, ನನ್ನದು ಹಾಕುವುದಿಲ್ಲ ಅಂದೆ. ನಿನ್ನ ಕಾಂಟ್ರ್ಯಾಕ್ಟ್ ಈ ತಿಂಗಳ ಕೊನೆಗೆ ಮುಗಿಯುತ್ತದೆ, ನೆನಪಿದೆಯೇನು ಎಂದು ಕೇಳಿದರು. ಇದೆ ಅಂದೆ. ಅವರು ತಾವೇ ಪಾಸ್ ಹಾಕಬಹುದಾಗಿತ್ತು. ಹಾಕಲಿಲ್ಲ. ಪಬ್ಲಿಷರ್ ಬಂದಾಗ ಏನಾದರೂ ಎಡವಟ್ಟಾದರೆ ಕೆಳಗೆ ಇನ್ನೊಬ್ಬನ ಹೆಸರು ಇರಲಿ ಎನ್ನುವ ಲೆಕ್ಕ ಅವರದೂ ಇತ್ತು.

ಅವರ ಮಾತು ನನಗೆ ನಾಟಲಿಲ್ಲ. ನಾಟಿದ್ದು ಗಿರೀಶಣ್ಣನದು. ಚಹಾ ಮಾರುವ ಟಪರಿಯ ಹತ್ತಿರ ನನ್ನ ತೋಳು ಹಿಡಿದು ನಿಲ್ಲಿಸಿದ.

"ಮಲ್ಯಾ, ನಿನಗೇನ್ ಆಗೇದಲೇ? ಊರು ಬಂತು, ವಾಡೆ ಬಂತು, ಮತ್ತ ಯಾಕ ಫೇಲ್ ಹಾಕ್ತಿ? ನಿನ್ನ ಹಟದಾಗ ನಮ್ಮ ವಾಡೆ ಎರಡನೇ ಸಲ ಬೀಳ್ತದ, ತಿಳೀತೇನು?"

"ಅಣ್ಣಾ, ಗೋಡಿ ಕಟ್ಟಿ ನಿಲ್ಲಿಸಿದ್ರ ನಿಮ್ಮ ವಾಡೆತನಕಾ ಯಾಂವ ಬರ್ತಾನ? ಎರಡು ಸಲ ನಿಲ್ತಾನ, ಮೂರನೇ ಸಲ ಆಟ ಬಂದ್ ಮಾಡಿ ಎದ್ದು ಹೋಗ್ತಾನ. ಆಮ್ಯಾಲೆ ವಾಡೆ ಇದ್ರೇನು, ಬಿಟ್ರೇನು?"

"ಬರ್ತಾರೋ ಇಲ್ಲೋ ಆಮ್ಯಾಲಿನ ಮಾತು. ಮೊದಲ ಅದು ಇರಬೇಕು."

"ಯಾರೂ ಬರದ ವಾಡೆ ನಿಮಗ್ಯಾಕ ಬೇಕು?"

ಅವನು ತೋಳು ಬಿಟ್ಟ. ಚಹಾ ಕುಡಿಯದೆ ಹೋದ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನೂ ಹೋಗಿ ಮಾತಾಡಿಸಲಿಲ್ಲ. ಅವನಿಗೆ ಬೇಕಾದದ್ದು ಪಾಸ್ ಎನ್ನುವ ಒಂದೇ ಮಾತು, ಅದು ನನ್ನ ಹತ್ತಿರ ಇರಲಿಲ್ಲ.

ಮೂರನೇ ದಿನ ಶಿಲ್ಪಕ್ಕ ನಮ್ಮಿಬ್ಬರನ್ನೂ ತನ್ನ ಟೇಬಲ್‌ಗೆ ಕರೆದಳು. ಅವಳು ಜಗಳಕ್ಕೆ ಬೀಳುವವಳಲ್ಲ. ಜಗಳ ನೋಡಿ ಬೇಜಾರಾದಾಗ ಕೆಲಸ ಮಾಡುವವಳು. ಬೈಕು ಘಾಟು ಏರುವಾಗ ರ‍್ಯಾಮಿನ ಕಟ್ಟೆಯ ಮೇಲೆ ಏನೇನು ತುಂಬುತ್ತದೆ ಎಂದು ಅವಳು ಬಿಡಿಸಿ ನೋಡಿದ್ದಳು. ಪರದೆಯ ಮೇಲೆ ಬಣ್ಣ ಬಣ್ಣದ ಚೌಕಗಳು. ದೊಡ್ಡ ಚೌಕ ಎಂದರೆ ಹೆಚ್ಚು ಜಾಗ ತಿನ್ನುವ ಸಾಮಾನು. ರಸ್ತೆ ಒಂದು ಮೂಲೆಯಲ್ಲಿತ್ತು. ಗುಡ್ಡ ಇನ್ನೊಂದು ಮೂಲೆಯಲ್ಲಿ. ಉಳಿದ ದೊಡ್ಡ ಭಾಗವೆಲ್ಲ ಬಂಬ, ಜೋಕಾಲಿ, ಕಪಾಟು, ಜಿನೆ.

"ಗಿರೀಶಾ, ಘಾಟಿನ ಮ್ಯಾಲೆ ಬೈಕ್ ಹೊಡಿಯಾಂವಗ ನಿಮ್ಮ ಅಜ್ಜಿ ಬಂಬ ಯಾಕಪಾ ಬೇಕು?" ಎಂದು ಕೇಳಿದಳು.

ಅವನು ಮುಖ ಗಂಟು ಹಾಕಿದ. ವಾಡೆಯ ದೊಡ್ಡ ಬಾಗಿಲು ಸದಾ ತೆರೆದೇ ಇರುತ್ತದೆ, ಬೀದಿಯಿಂದಲೇ ಒಳಗಿನ ಚೌಕ ಕಾಣುತ್ತದೆ, ಬೈಕ್ ಸೀದಾ ಒಳಗೆ ಹೋಗುತ್ತದೆ, ಹಾಗಾಗಿ ಊರು ಬರುವ ಮೊದಲೇ ಒಳಗಿನದೆಲ್ಲ ತಯಾರಿರಬೇಕು ಎಂದು ವಿವರಿಸಿದ.

"ಬಾಗಿಲಾ ಯಾಕ ತೆರದದ?"

"ನಾ ತೆರದಿಲ್ಲ. ನಮ್ಮ ವಾಡೆ ದೊಡ್ಡ ಬಾಗಿಲಾ ಲಗ್ನಕ್ಕ, ಗಣಪತಿಗೆ ಅಷ್ಟ ತೆರೀತಿದ್ರು. ದಿನಾ ಓಡಾಟ ಎಲ್ಲಾ ದಿಂಡಿ ಬಾಗಲದಾಗ. ನಾ ಮೊದಲ ಹಂಗ ಮಾಡಿದ್ದೆ. ಆಟಗಾರಗ ತ್ರಾಸ ಆಗ್ತದ, ತೆರಿ ಅಂದ್ರು ಆಪ್ಟೆ ಸರ್."

ದಿಂಡಿ ಬಾಗಿಲು ಎಂದರೆ ದೊಡ್ಡ ಬಾಗಿಲಿನ ಹಲಗೆಯಲ್ಲೇ ಕೊರೆದ ಗಿಡ್ಡ ಬಾಗಿಲು. ಒಬ್ಬರೇ ಹೋಗಬೇಕು. ತಲೆ ಬಗ್ಗಿಸಬೇಕು, ಎತ್ತರದ ಹೊಸ್ತಿಲ ಮೇಲೆ ಕಾಲು ಎತ್ತಿ ಹಾಕಬೇಕು. ತಲೆ ಬಗ್ಗಿಸಿದಾಗ ಕಣ್ಣಿಗೆ ಕಾಣುವುದು ಹೊಸ್ತಿಲು ಮತ್ತು ತನ್ನ ಕಾಲು, ಅಷ್ಟೇ.

ಶಿಲ್ಪಕ್ಕ ಪರದೆಯ ಚೌಕಗಳನ್ನು ಇನ್ನೊಮ್ಮೆ ನೋಡಿದಳು. ಆಮೇಲೆ, ಹಾಗಾದರೆ ಹಾಕಿಬಿಡು ಬಾಗಿಲು ಅಂದಳು. ಊರಿಗೆ ಬರಲು ಮನೆಗಳ ಹೊರಗಿನ ಗೋಡೆ ಇದ್ದರೆ ಸಾಕು. ಒಳಗಿನದು ಬೈಕಿಂದ ಇಳಿದು, ದಿಂಡಿಯಲ್ಲಿ ಬಗ್ಗಿ, ಕಾಲೆತ್ತಿ ಹಾಕುವಷ್ಟರಲ್ಲಿ ಇಳಿಯುತ್ತದೆ. ಇನ್ನು ಘಾಟಿನಲ್ಲಿ ಈಗ ಬೈಕಿನ ಸುತ್ತ ನಾಲ್ಕೂ ದಿಕ್ಕಿಗೆ ಸಾಮಾನು ಇಳಿಯುತ್ತಿದೆ. ನಾನು ಅದನ್ನು ಬದಲಿಸಿ, ಬೈಕು ಮುಖ ಮಾಡಿದ ದಿಕ್ಕಿನದನ್ನು ಮೊದಲು ಇಳಿಸುತ್ತೇನೆ, ಗುಡ್ಡದ ಮರೆಯಲ್ಲಿರುವುದನ್ನು ಬಿಡುತ್ತೇನೆ ಅಂದಳು.

ಗಿರೀಶಣ್ಣ ಅವಳ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದ. ಎರಡು ದಿನದ ಸಿಟ್ಟು ಇನ್ನೂ ಮುಖದಲ್ಲಿತ್ತು.

"ಇದೂ ಕಾಯಿಸೂದ ಆತಲ್ಲಪಾ. ಇದಕ್ಕೂ ಫೇಲ್ ಹಾಕ್ತಿ?"

"ಕಾಯ್ದಂಗ ಅನಿಸಿದ್ರ ಹಾಕ್ತೀನಿ," ಅಂದೆ.

ಬಾಗಿಲು ಹಾಕುವುದು ಅವನಿಗೆ ಸುಲಭವಾಗಿರಲಿಲ್ಲ. ಬೀದಿಯಿಂದ ಚೌಕ ಕಾಣುವುದು ನಿಂತಿತು. ಎಷ್ಟೋ ಜನ ಬೈಕಿಂದ ಇಳಿಯುವುದೇ ಇಲ್ಲ, ಅವರಿಗೆ ಇನ್ನು ಅದು ಒಂದು ಮುಚ್ಚಿದ ಬಾಗಿಲು ಮಾತ್ರ. ಜಾಗ ಉಳಿಯಲಿ ಎಂದು ಬೇರೆ ವಾಡೆಗಳ ಒಳಗಿನದನ್ನು ಅವನೇ ಕೂತು ತೆಗೆದುಹಾಕಿದ. ಪಕ್ಕದ ವಾಡೆಗಳ ಕಪಾಟು, ಹಂಡೆ, ಹಾಸಿಗೆ ಎಲ್ಲ ಹೋದವು. ತಮ್ಮ ವಾಡೆಯೊಂದನ್ನು ಪೂರ್ತಿ ಇಟ್ಟುಕೊಂಡ.

ಆಪ್ಟೆ ಸರ್‌ಗೆ ಹೇಳಲು ಶಿಲ್ಪಕ್ಕ ಹೋದಳು. ನಾಕಾದ ಗೋಡೆ ಕೆಡವಬೇಕು, ಹೊಸ ರೀತಿಯಲ್ಲಿ ಇಳಿಸಬೇಕು, ಬಾಗಿಲು ಹಾಕಬೇಕು ಅಂದಾಗ ಅವರು ಒಪ್ಪಲಿಲ್ಲ. ಪಬ್ಲಿಷರ್ ಬರುವ ಹೊತ್ತಿನಲ್ಲಿ ಏನನ್ನೂ ಮುಟ್ಟಬಾರದು ಎನ್ನುವುದು ಅವರ ಮಾತು, ಅದೂ ಸುಳ್ಳಲ್ಲ. ಮುರಿದರೆ ತನ್ನ ಹೆಸರು ಹೇಳಿ ಅಂದಳು ಅವಳು. ಅವಳ ಕೆಲಸದ ಮೇಲೆ ಅವರಿಗೆ ನಂಬಿಕೆ ಇತ್ತು. ನನ್ನ ಬಾಯಿ ಮುಚ್ಚಿಸುವ ಆಸೆಯೂ ಇದ್ದಿರಬೇಕು. ಮಾಡಿ ಅಂದರು.

ಬಿಲ್ಡ್ ಬಂತು. ಅದನ್ನು ಕೆಡಿಸಲು ನನ್ನಿಂದಾಗುವುದೆಲ್ಲ ಮಾಡಿದೆ. ಘಾಟಿನ ನಡುವೆ ಯೂ ಟರ್ನ್ ಹೊಡೆದೆ. ರಾಂಗ್ ಸೈಡ್‌ನಲ್ಲಿ ಏರಿದೆ. ಮೊದಲ ಸಲ ಯೂ ಟರ್ನ್‌ಗೆ ರಸ್ತೆ ಮಾಯವಾಯಿತು, ಫೇಲ್ ಹಾಕಿದೆ. ಶಿಲ್ಪಕ್ಕ ಬೈದುಕೊಂಡು ಸರಿಮಾಡಿದಳು, ಹಿಂದೆಯೂ ಸ್ವಲ್ಪ ರಸ್ತೆ ಉಳಿಸಿದಳು. ಎರಡನೇ ಸಲ ಅದು ಮುರಿಯಲಿಲ್ಲ. ಪೇಟೆಯೊಳಗೆ ಬಂದು ಬೈಕ್ ನಿಲ್ಲಿಸಿದೆ. ದಿಂಡಿಯ ಮುಂದೆ ನಿಂತು ಬಟನ್ ಒತ್ತಿದೆ. ಆಟದೊಳಗಿನವನು ತಲೆ ಬಗ್ಗಿಸಿದ, ಹೊಸ್ತಿಲು ಕಂಡಿತು, ಕಾಲು ಕಂಡಿತು. ತಲೆ ಎತ್ತಿದರೆ ಚೌಕ, ಜೋಕಾಲಿ, ಮೇಲೆ ಅಜ್ಜಿಯ ಖೋಲಿಗೆ ಹೋಗುವ ಜಿನೆ. ನನ್ನ ಅದೇ ಹಳೇ ಮಷೀನಿನಲ್ಲಿ. ನಡುವೆ ಎಲ್ಲಿ ಕಾದೆ ಎಂದು ನನಗೇ ಗೊತ್ತಾಗಲಿಲ್ಲ. ಮತ್ತೆ ಹೊರಗೆ ಬಂದು ಮತ್ತೆ ಒಳಗೆ ಹೋದೆ. ಬೇಜಾರಾಗಲಿ ಎಂದೇ ಮತ್ತೆ ಮತ್ತೆ ಮಾಡಿದೆ. ನಾಕಾದವನ ಮೇಲೆ ಬಂದ ಸಿಟ್ಟು ಈ ಹೊಸ್ತಿಲ ಮೇಲೆ ಬರಲಿಲ್ಲ.

ಪಾಸ್ ಹಾಕಿದೆ. ಗಿರೀಶಣ್ಣ ನನ್ನ ಕುರ್ಚಿಯ ಹಿಂದೆ ನಿಂತಿದ್ದ ಎಂದು ಆಗ ಗೊತ್ತಾಯಿತು. ತನ್ನ ಊಟದ ಡಬ್ಬಿಯಲ್ಲಿದ್ದ ಶೇಂಗಾ ಹೋಳಿಗೆಯನ್ನು ನನ್ನ ಕೀಬೋರ್ಡ್ ಪಕ್ಕ ಇಟ್ಟು ಹೋದ.

ತಿಂಗಳ ಕೊನೆಗೆ ಪಬ್ಲಿಷರ್ ಕಡೆಯಿಂದ ಫರ್ನಾಂಡಿಸ್ ಮೇಡಂ ಬಂದರು. ವಯಸ್ಸಾದವರು, ಮಾತು ಕಡಿಮೆ. ಆಪ್ಟೆ ಸರ್ ಅವರನ್ನು ತಮ್ಮ ಹೊಸ ಮಷೀನಿನ ಮುಂದೆ ಕೂರಿಸಲು ಹೋದರು. ಕರಾರಿನಲ್ಲಿ ಹೇಳಿದ ಮಷೀನು ಯಾವುದು ಎಂದು ಮೇಡಂ ಕೇಳಿದರು. ಎಲ್ಲರೂ ನನ್ನ ಟೇಬಲ್ ನೋಡಿದರು. ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ.

ಅವರು ಕಡಲ ದಾರಿ ಹಿಡಿದರು. ನಾಕಾ ಬಂತು. ಶಿಲ್ಪಕ್ಕ ಗೋಡೆ ಕೆಡವಿದ್ದಳು, ನಾಕಾದವನನ್ನು ಮಾತ್ರ ಎಲ್ಲರಿಗೂ ಇಷ್ಟ ಎಂದು ಬಿಟ್ಟಿದ್ದಳು. ಮೇಡಂ ಕೋಲಿನ ಕಡೆ ನೋಡಲೇ ಇಲ್ಲ. ಎಡಗಡೆಯ ಸಂದಿನಲ್ಲಿ ಹೋದರು. ಆಪ್ಟೆ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಬೈಕು ಘಾಟು ಏರಿತು. ತುದಿಯ ತಿರುವು ಬಂತು. ಗಿರೀಶಣ್ಣ ಗೋಡೆಗೆ ಒರಗಿ ನಿಂತಿದ್ದ, ಅವನ ಮುಷ್ಟಿ ಜೇಬಿನಲ್ಲಿತ್ತು. ತಿರುವು ದಾಟಿತು. ಊರು ಅಲ್ಲಿಯೇ ಇತ್ತು, ಮೊದಲಿಂದಲೂ ಇದ್ದ ಹಾಗೆ.

ಮೇಡಂ ಪೇಟೆಯಲ್ಲಿ ಸುತ್ತಿದರು. ಎಲ್ಲೂ ಇಳಿಯಲಿಲ್ಲ. ಹೀಗೇ ಬೈಪಾಸ್‌ಗೆ ಹೋಗಿಬಿಡುತ್ತಾರೆ ಎಂದು ಅನಿಸಿತು. ಆಮೇಲೆ ಮುಚ್ಚಿದ ಆ ದೊಡ್ಡ ಬಾಗಿಲ ಮುಂದೆ ಬೈಕ್ ನಿಧಾನ ಮಾಡಿದರು. ತೆರೆದ ಬಾಗಿಲಾಗಿದ್ದರೆ ಬಹುಶಃ ನೋಡಿ ಮುಂದೆ ಹೋಗುತ್ತಿದ್ದರು. ಇಳಿದರು. ದಿಂಡಿಯ ಹತ್ತಿರ ಹೋಗಿ ಒತ್ತಿದರು.

ನಾನು ಪರದೆ ನೋಡುತ್ತಿರಲಿಲ್ಲ, ಅವರನ್ನೇ ನೋಡುತ್ತಿದ್ದೆ. ಅದೇ ನನ್ನ ಕೆಲಸ. ಪರದೆಯ ಮೇಲಿನವನು ತಲೆ ಬಗ್ಗಿಸಿದಾಗ ಕುರ್ಚಿಯಲ್ಲಿ ಕೂತ ಮೇಡಂ ಕೂಡ ಕತ್ತು ಸ್ವಲ್ಪ ಬಗ್ಗಿಸಿದರು. ಬಾಗಿಲು ಹಣೆಗೆ ತಾಗಬಾರದು ಎನ್ನುವ ಹಾಗೆ. ಅಷ್ಟರಲ್ಲಿ ವಾಡೆಯ ಒಳಗಿನದೆಲ್ಲ ಅಟ್ಟದಿಂದ ಇಳಿದು ಕಟ್ಟೆಗೆ ಬಂದು ಆಗಿತ್ತು. ಅವರು ಕತ್ತು ಎತ್ತಿದರು, ಚೌಕ ನೋಡಿದರು, ಜಿನೆ ಹತ್ತಿದರು, ಬಂಬದ ಮುಂದೆ ನಿಂತರು.

ಲೋಡಿಂಗ್ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಮರೆತೇಬಿಟ್ಟಿದ್ದರು. ಕೇಳಿದ್ದು ಒಂದೇ, ಹಿಂದಿಯಲ್ಲಿ: ಇದು ಯಾರ ಮನೆ? ಗಿರೀಶಣ್ಣ ಗೋಡೆ ಬಿಟ್ಟು ಮುಂದೆ ಬಂದು, ನಮ್ಮದು ಅಂದ.

ಊರು ಉಳಿಯಿತು. ನನ್ನ ಕಾಂಟ್ರ್ಯಾಕ್ಟನ್ನು ಆಪ್ಟೆ ಸರ್ ಮುಂದುವರಿಸಿದರು. ಅದಕ್ಕೆ ಕಾರಣ ಹೇಳಲಿಲ್ಲ, ಆಡಿದ ಮಾತಿಗೆ ಕ್ಷಮೆಯನ್ನೂ ಕೇಳಲಿಲ್ಲ. ನನಗೂ ಬೇಕಾಗಿರಲಿಲ್ಲ. ನಾಕಾದವನು ಆಟದಲ್ಲಿ ಈಗಲೂ ಇದ್ದಾನೆ. ಯಾರೂ ನಿಲ್ಲುವುದಿಲ್ಲ. ಬೈಕುಗಳು ಎಡಗಡೆಯಿಂದ ಹೋಗುತ್ತವೆ, ಅವನು ಹಿಂದಿನಿಂದ ಕೂಗುತ್ತಾನೆ. ಆ ಕೂಗಿಗೆ ದನಿ ಕೊಟ್ಟವರು ಆಪ್ಟೆ ಸರ್.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಮನುಷ್ಯ ಕಾಯುವುದಿಲ್ಲ ಎನ್ನುವುದು ಸುಳ್ಳು. ಹೊಸ್ತಿಲು ಎತ್ತರ ಇದ್ದರೆ ಕಾಲು ಎತ್ತಿ ಹಾಕುತ್ತಾನೆ, ಬಾಗಿಲು ಗಿಡ್ಡ ಇದ್ದರೆ ಬಗ್ಗುತ್ತಾನೆ, ಅದನ್ನು ಕಾಯುವುದು ಅನ್ನುವುದಿಲ್ಲ. ನಿಮ್ಮ ಕೆಲಸ ಮುಗಿದಿಲ್ಲ ಎಂದು ಅವನನ್ನು ರಸ್ತೆಯಲ್ಲಿ ನಿಲ್ಲಿಸಿದರೆ ಮಾತ್ರ ಅವನಿಗೆ ಸಿಟ್ಟು ಬರುತ್ತದೆ, ಬರಲೇಬೇಕು. ಈಗ ನಮ್ಮಲ್ಲಿ ಹೊಸ ಆಟ ನಡೆದಿದೆ. ಮೊನ್ನೆ ಮೀಟಿಂಗಿನಲ್ಲಿ ಹೊಸದಾಗಿ ಸೇರಿದ ಕನ್ನಡದವರೊಬ್ಬರು, ಇಲ್ಲಿ ಉದ್ದ ಸುರಂಗ ಹಾಕಿ ಆಟಗಾರನನ್ನು ಸ್ವಲ್ಪ ಹೊತ್ತು ಹಿಡಿದಿಡೋಣ ಅಂದರು. ಅವರ ಹತ್ತಿರ ಎರಡು ಡಿಗ್ರಿ ಇವೆ. ನಾನು ಕೂತಲ್ಲಿಂದಲೇ ಕೇಳಿದೆ:

"ಅಲ್ಲೆ ಅಂವ ತಾನಾಗೇ ನಿಧಾನ ಆಗ್ತಾನೇನ್ರಿ?"

ಇಲ್ಲ ಅಂದರು.

"ಹಂಗಾದ್ರ ಫೇಲ್ ರೀ," ಅಂದೆ. ಆಪ್ಟೆ ಸರ್‌ಗೆ ಇಷ್ಟು ಕನ್ನಡ ಈಗ ತಿಳಿಯುತ್ತದೆ. ಸುರಂಗವನ್ನು ಅವರೇ ಬೋರ್ಡಿನಿಂದ ಅಳಿಸಿದರು.